ನಾಲ್ಕು ರೊಟ್ಟಿಯ ಸಪ್ಪಳ

ಕಟಕ್ ಅಂದಿತು, ಬಸ್ಸಿನದೇ ಏನೋ ಮುರಿಯಿತು ಅಂದುಕೊಂಡಳು ಶೀಲಾ, ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಈ ಬಸ್ಸಿನಲ್ಲಿ ಇನ್ನು ಮುರಿಯಲು ಉಳಿದಿರುವುದಾದರೂ ಏನು, ಕಿಟಕಿಯ ಗಾಜು ಆಗಲೇ ಅರ್ಧ ಇಲ್ಲ, ಗಾಳಿ ಕೂದಲನ್ನೆಲ್ಲ ಬಾಯಿಗೆ ತುರುಕುತ್ತಿದೆ – ಅಲ್ಲ, ಅದು ಮುಂದಿನ ಸೀಟಿನ ಅಜ್ಜನ ಫೋನಿನಿಂದ ಬಂದದ್ದು, ಕಿವಿ ಮಂದವಿರಬೇಕು, ಸೌಂಡು ಪೂರ್ತಿ ಏರಿಸಿದ್ದಾನೆ, ಹಾರ್ಮೋನಿಯಂ ಒಂದು ಸುತ್ತು ಬಂತು, ಹಿಂದೆಯೇ ಅಕ್ರಮ್ ಅಣ್ಣನ ದಪ್ಪ ದನಿ, ಮನಿಮಾತು, ಮೊದಲನೇ ಕಂತು, ಬರೆದವರು ಬ್ರೂಸ್‌ಪೇಟೆಯ ಶೀಲಾ. ಅವಳೇ, ಅವಳ ಹೆಸರೇ, ಗುರುತಿಲ್ಲದ ಅಜ್ಜನೊಬ್ಬನ ಅಂಗೈಯಲ್ಲಿ. ಎರಡು ವರ್ಷ ಸೀರೆ ಅಂಗಡಿಗಳ ರಿಯಾಯಿತಿಗೆ, ಹಾಸಿಗೆ ಅಂಗಡಿಯ ಉದ್ಘಾಟನೆಗೆ, ಮೈಕು ಕಟ್ಟಿದ ಆಟೋದವರಿಗೆ ಬನ್ನಿರಿ ಬನ್ನಿರಿ ಎಂದು ಬರೆದುಕೊಟ್ಟವಳು, ಅದನ್ನೆಲ್ಲ ರೆಕಾರ್ಡು ಮಾಡುತ್ತಿದ್ದ ಕೌಲ್ ಬಜಾರಿನ ಅಕ್ರಮ್ ಅಣ್ಣನೇ ಒಂದು ದಿನ, ತಂಗೀ, ನಿನಗ ಕಥಿ ಬರೀಲಿಕ್ಕೆ ಬರ್ತೈತೇನು, ಫೋನಿನಾಗ ಕೇಳೋ ಕಥಿ, ರೇಡಿಯೋದವರೂ ವಾರಕ್ಕೊಮ್ಮೆ ಹಾಕ್ತಾರ, ಅಂದಿದ್ದ. ಕೇಳೋರಿಗೆ ಕಣ್ಣಿರೋದಿಲ್ಲ, ಅವರ ಕಿವ್ಯಾಗ ಅಡಿಗಿಮನಿ ಕಟ್ಟಬೇಕು ನೋಡು. ಕಟ್ಟಿದಳು. ಈಗ ಅಜ್ಜನ ಹೆಗಲು ತಟ್ಟಿ, ಯಜ್ಜಾ, ಆ ಶೀಲಾ ನಾನೇ ರೀ, ಅನ್ನೋಣವೇ ಎಂದು ಕೈ ಎತ್ತಿದಳು, ನಗು ತಾನಾಗೇ ಬಂತು, ಇನ್ನೇನು ಸಿರುಗುಪ್ಪದ ನಾಟಕದ ನಟಿ ಸುಂಕಲಮ್ಮನ ದನಿ ಬರಬೇಕು, ಹೊನ್ನೂರಮ್ಮ ಎಂಬ ಹೆಂಗಸಿನ ಪಾತ್ರ ಅದು – ಬಂದ ದನಿ ಸುಂಕಲಮ್ಮನದಲ್ಲ. ನಮ್ಮ ಮಾಸ್ತರು ಇರೋತನಕ ನಾನು ಹೊಟ್ಟಿ ತುಂಬ ಉಂಡಾಕಿ ಅಲ್ಲವ್ವಾ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಜಂಬಮ್ಮ ದೊಡ್ಡವ್ವ. ಅವಳ ಅವ್ವನ ಖಾಸಾ ಅಕ್ಕ, ಇನ್ನರ್ಧ ತಾಸಿಗೆ ಇವಳು ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕೋ ಅವಳು.

ಹೇಗೆ ಬಂತು ಇದು ಇಲ್ಲಿ, ಹೇಗೆ ಅಂತ ಕೇಳುತ್ತೀಯೇನೇ, ನೀನೇ ಕಳಿಸಿದ್ದಲ್ಲವೇ – ಆ ಮಧ್ಯಾಹ್ನ ದೊಡ್ಡವ್ವನ ಅಡಿಗೆಮನೆ, ಒಲೆಯ ಬಿಸಿ ಇನ್ನೂ ಇತ್ತು, ಒಣಗಿ ಗರಿಗರಿಯಾದ ಕಟಿ ರೊಟ್ಟಿಯ ಬುಟ್ಟಿ ಇಬ್ಬರ ನಡುವೆ, ಬುಟ್ಟಿಯ ಪಕ್ಕ ಫೋನು ಬೋರಲು ಮಲಗಿತ್ತು, ಅದು ಕೇಳಿಸಿಕೊಳ್ಳುತ್ತಿದೆ ಎಂದು ಶೀಲಾ ಹೇಳಲಿಲ್ಲ. ದೊಡ್ಡವ್ವ ರೊಟ್ಟಿ ಮುರಿಯುತ್ತ, ಶೇಂಗಾ ಪುಡಿ ಅದ್ದಿಕೊಳ್ಳುತ್ತ, ಊರಿನ ಯಾವುದೋ ಸುದ್ದಿಯಿಂದ ಜಾರಿ ಅಲ್ಲಿಗೆ ಬಂದಳು: ಗವಿಸಿದ್ದಪ್ಪ ಮಾಸ್ತರು, ಊರೇ ಎದ್ದು ನಿಂತು ಕೈಮುಗಿಯುತ್ತಿದ್ದ ಗಂಡ, ಹೆಂಗಸಿಗೆ ಎರಡು ರೊಟ್ಟಿ ಸಾಕು ಅನ್ನುತ್ತಿದ್ದರು, ಪಡಸಾಲೆಯಲ್ಲಿ ಪೇಪರು ಓದುತ್ತಲೇ ಮೂರನೆಯದು ಮುರಿದ ಸಪ್ಪಳ ಹಿಡಿಯುತ್ತಿದ್ದರು, ಹಸಿವಾದರೆ ನೀರಲ್ಲಿ ಅದ್ದಿ ಮೆತ್ತಗೆ ಮಾಡಿ ನುಂಗಬೇಕಿತ್ತು, ಮೂವತ್ತೊಂದು ವರ್ಷ. ಅವರಿಗೆ ಮಣ್ಣು ಕೊಟ್ಟು ಬಂದ ದಿನ, ಪಡಸಾಲೆಯಲ್ಲಿ ಎಲ್ಲರೂ ಅಳುವಾಗ, ಓಣಿಯವರು ತಂದಿಟ್ಟ ಬುಟ್ಟಿ ಎಳೆದುಕೊಂಡು ಅಡಿಗೆಮನೆಯ ಕದದ ಹಿಂದೆ ಕೂತಳಂತೆ. ನಾಕು ತಿಂದೆ, ಒಂದೂ ನೀರಾಗ ಅದ್ದಲಿಲ್ಲ, ಕಟಕ್ ಕಟಕ್ ಮುರದು ತಿಂದೆ, ಅಂಥಾ ರುಚಿ ನಾನು ಹುಟ್ಟಿದಾಗಿಂದ ಕಂಡಿಲ್ಲವ್ವಾ, ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಹೇಳಿ ನಕ್ಕಳು. ನಕ್ಕವಳು ತಟ್ಟನೆ ಬಾಗಿಲ ಕಡೆ ನೋಡಿದಳು. ನಿನ್ನ ಹೊಟ್ಟ್ಯಾಗ ಇಟ್ಕೋ, ಬಸಣ್ಣಗ ಗೊತ್ತಾದರ ನಾನು ಈ ಮನ್ಯಾಗ ಇದ್ದೂ ಇಲ್ಲದಾಕಿ ಆಗ್ತೀನಿ. ಬಸಣ್ಣ ಎಂದರೆ ಮಗ, ದೊಡ್ಡಬಸವರಾಜ, ಅಪ್ಪ ಜಿಪುಣ ಎಂದ ಒಂದೇ ಮಾತಿಗೆ ಸೋದರಮಾವನ ಜೊತೆ ಮೂರು ವರ್ಷದಿಂದ ಮಾತು ಬಿಟ್ಟವನು, ಕಟ್ಟೆಯ ಮೇಲೆ ಎದುರಾದರೂ ಗೋಡೆ ನೋಡಿದಂತೆ ನೋಡುತ್ತಾನೆ. ಹೆಸರು ಬದಲಿಸಿ ಬರೀಲೇನು ದೊಡ್ಡವ್ವಾ, ಎಂದು ಕೇಳಿದ್ದೂ ನಿಜ, ಕೇಳಲಿಲ್ಲ ಅನ್ನುವ ಹಾಗಿಲ್ಲ, ಅವಳು ಬುಟ್ಟಿಗೆ ಬಟ್ಟೆ ಮುಚ್ಚುತ್ತ, ಬರಿ, ಆದರ ನನ್ನ ಗುರ್ತು ಹತ್ತಬಾರದು, ಅಂದಿದ್ದಳು. ಬರೆದಳು, ಮಾಸ್ತರನ್ನು ಕಿರಾಣಿ ಅಂಗಡಿಯವನನ್ನಾಗಿ ಮಾಡಿದಳು, ಊರು ಬದಲಿಸಿದಳು, ಇಷ್ಟೆಲ್ಲ ಬದಲಿಸಿ, ಕೊನೆಗೆ ಸುಂಕಲಮ್ಮನಿಗೆ ದನಿಯ ಎಳೆತ ತಿಳಿಯಲೆಂದು, ರೊಟ್ಟಿ ಮುರಿಯುವ ಸಪ್ಪಳ ಎಲ್ಲೆಲ್ಲಿ ಬರಬೇಕೆಂದು ತಿಳಿಯಲೆಂದು ಆ ರೆಕಾರ್ಡನ್ನೇ ಇಡಿಯಾಗಿ ಅಕ್ರಮ್ ಅಣ್ಣನಿಗೆ ಕಳಿಸಿದಳು. ಎಲ್ಲರೂ ಹೀಗೇ ಕಳಿಸುತ್ತಾರೆ, ನಟಿ ಕೇಳಿ ಕಲಿಯುತ್ತಾಳೆ, ಆಮೇಲೆ ಅದನ್ನು ಅಳಿಸುತ್ತಾರೆ, ಅದೇ ರೂಢಿ.

ಫೋನು ತೆಗೆದಳು, ಎರಡು ಸಲ ತಪ್ಪು ಹೆಸರು ಒತ್ತಿದಳು, ಅಕ್ರಮ್ ಅಣ್ಣ ಎತ್ತುತ್ತಲೇ, ತಂಗೀ, ಸಂಜಿಯೊಳಗ ಇಡೀ ಬಳ್ಳಾರಿ ಕೇಳ್ತೈತಿ ನೋಡು, ಬೆಳಿಗ್ಗಿಂದ ಎಷ್ಟು ಮಂದಿ ಕಳಿಸ್ಯಾರ, ಅಂದ. ಅದು ನಮ್ಮ ದೊಡ್ಡವ್ವನ ದನಿ ಅಣ್ಣಾ. ಗೊತ್ತೈತವ್ವಾ, ಸುಂಕಲಮ್ಮಗ ಅಕ್ಕಿ ಮಿಲ್ಲಿನ ಕೂಲ್ಯಾಗ ಧೂಳಿಗೆ ಗಂಟಲು ಕಟ್ಟಿ ಬರಲಿಲ್ಲ, ನೀ ಕಳಿಸಿದ್ದನ್ನೇ ಹಾಕ್ಲೇನು ಅಂತ ನಿನಗ ಮೊನ್ನಿ ಕೇಳಿದೆನಲ್ಲ, ನೀವು ನೋಡಿ ಮಾಡ್ರಿ ಅಂದಿ. ಅಂದಿದ್ದಳು. ಬ್ರೂಸ್‌ಪೇಟೆಯ ಸೀರೆ ಅಂಗಡಿಯಲ್ಲಿ ನಿಂತು, ಕಥೆಗೆ ಬಂದ ಮೊದಲ ದುಡ್ಡಿನ ಸೀರೆ ದೊಡ್ಡವ್ವನಿಗೆ ಹಸಿರೋ ಮೆಂತ್ಯ ಬಣ್ಣವೋ ಎಂದು ಎರಡನ್ನೂ ಬೆಳಕಿಗೆ ಹಿಡಿದು, ಫೋನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಹೂಂ ಅಣ್ಣಾ, ನೀವು ನೋಡಿ ಮಾಡ್ರಿ. ಕೇಳಿಸಲಿಲ್ಲವೇ ನಿನಗೆ, ನಿಜವಾಗಿ ಕೇಳಿಸಲಿಲ್ಲವೇ, ಸುಂಕಲಮ್ಮ ಎಷ್ಟೇ ಬಡಿದಾಡಿದರೂ ಆ ದನಿ ಬರುವುದಿಲ್ಲ ಎಂದು ನಿನ್ನ ಹೊಟ್ಟೆಗೆ ಗೊತ್ತಿತ್ತಲ್ಲವೇ, ದರಿದ್ರದವಳೇ. ತೆಗೀರಿ ಅಣ್ಣಾ, ಈಗಲೇ ತೆಗೀರಿ, ಅಂದಳು. ತೆಗೀತೀನಿ ತಂಗೀ, ಈಗ ತೆಗೀತೀನಿ, ಆದರ ಫೋನಿಂದ ಫೋನಿಗೆ ಹೋಗಿದ್ದನ್ನ ಹೆಂಗ ತೆಗೀಲಿ. ಮುಂದಿನ ಸೀಟಿನಲ್ಲಿ ಕಟಕ್. ನಾಕು ತಿಂದೆ. ಪಕ್ಕದ ಹೆಂಗಸು, ಮಡಿಲಲ್ಲಿ ಕರಿಬೇವಿನ ಚೀಲ, ಗಂಡ ಸತ್ತ ದಿನ ಹೆಂಗ ಇಳೀತವ್ವ ಗಂಟಲಾಗ, ಅಂತ ತನಗೆ ತಾನೇ ಅಂದುಕೊಂಡು, ಮತ್ತೆ, ಈ ದನಿ ನಮ್ಮೂರಾಗ ಎಲ್ಲೋ ಕೇಳೀನಿ ಬಿಡು, ಎಂದು ಹುಬ್ಬು ಗಂಟಿಕ್ಕಿ ಯೋಚಿಸತೊಡಗಿದಳು. ಯೋಚಿಸಬೇಡ ತಾಯೀ, ನಿನ್ನ ಕಾಲಿಗೆ ಬೀಳುತ್ತೇನೆ. ಬಸ್ಸು ಯಾಕೆ ಇಷ್ಟು ನಿಧಾನ, ಒಬ್ಬೊಬ್ಬರಿಗೂ ನಿಲ್ಲಿಸುತ್ತಾನಲ್ಲ, ಕೈ ಮಾಡಿದವರಿಗೆಲ್ಲ, ಮೆಣಸಿನಕಾಯಿ ಚೀಲಕ್ಕೂ ನಿಲ್ಲಿಸುತ್ತಾನೆ, ಈ ರಸ್ತೆಯಲ್ಲಿ ದೊಡ್ಡವ್ವನ ದನಿ ಬಸ್ಸಿಗಿಂತ ಮುಂದೆ ಓಡುತ್ತಿದೆ, ಬಸಣ್ಣನ ಫೋನು ತಲುಪಿತೋ, ಬಸಣ್ಣ ಗದ್ದೆಗೆ ಹೋಗಿರಬಹುದು, ಅಲ್ಲಿ ಸಿಗ್ನಲ್ಲು ಸಿಗುವುದಿಲ್ಲ, ಸಿಗದೇ ಇರಲಿ, ದೇವರೇ ಇವತ್ತೊಂದು ದಿನ ಸಿಗದೇ ಇರಲಿ.

ಇಳಿದದ್ದು ಗೊತ್ತು, ನಡೆದದ್ದು ಗೊತ್ತಿಲ್ಲ, ಸೀರೆಯ ಕವರು ಕಾಲಿಗೆ ಬಡಿಯುತ್ತಿತ್ತು, ದೇವಸ್ಥಾನದ ಮುಂದಿನ ಹೂವಿನ ಅಂಗಡಿಯವಳು ಯಾವಾಗ ಬಂದಿ ಅಂದದ್ದಕ್ಕೆ ಏನು ಹೇಳಿದಳೋ, ಬಾಗಿಲಲ್ಲಿ ಬಸಣ್ಣನ ಚಪ್ಪಲಿ ಇತ್ತು. ಪಡಸಾಲೆಯಲ್ಲಿ ಮಾಸ್ತರ ಫೋಟೋ, ಅವತ್ತಿನ ತಾಜಾ ಹೂವು, ಅದರ ಕೆಳಗೆ ಬಸಣ್ಣ ಫೋನು ಉಜ್ಜುತ್ತ ಕೂತಿದ್ದ, ತಲೆ ಎತ್ತಿ ಬಾಯಿ ತುಂಬ ನಕ್ಕ, ನಮ್ಮ ಶೀಲಾ ದೊಡ್ಡ ಮನಶ್ಯಾ ಆದಳಲ್ಲ ಬೇ. ಗೊತ್ತಿಲ್ಲ ಇವನಿಗೆ, ಇನ್ನೂ ಗೊತ್ತಿಲ್ಲ, ಉಸಿರು ಬಂತು. ದೊಡ್ಡವ್ವ ಅಡಿಗೆಮನೆಯಿಂದ ತಾಟು ಹಿಡಿದು ಬಂದಳು, ಮುಖ ಅರಳಿತ್ತು, ಬಾ, ಕುಂದ್ರು, ಬಿಸಲಾಗ ಬಂದಿ, ನಿನ್ನ ಕಥಿ ಬಂತಂತ, ಮಿಲ್ಲಿನವರು ಯಾರೋ ಬಸಣ್ಣಗ ಕಳಿಸ್ಯಾರ, ನೀ ಬರ್ಲಿ ಕೂಡಿ ಕೇಳೋಣು ಅಂತ ನಾನೇ ತಡದೀನಿ. ಅಂದು, ಬಸಣ್ಣನಿಗೆ ಕಾಣದಂತೆ ಇವಳ ಕಡೆ ಸಣ್ಣಗೆ ಕಣ್ಣು ಮಿಟುಕಿಸಿದಳು, ಅವಳಿಗೂ ಇವಳಿಗೂ ಮಾತ್ರ ಗೊತ್ತಿರುವ ಹೊನ್ನೂರಮ್ಮನ ಕಥೆ ಅದು. ಬಸಣ್ಣಾ ಹಚ್ಚಬ್ಯಾಡ, ಅನ್ನಬೇಕು, ಫೋನು ಕಿತ್ತುಕೊಳ್ಳಬೇಕು, ಫೋನು ನೆಲಕ್ಕೆ ಬಿದ್ದು ಒಡೆದರೂ ಸರಿ, ಏಳು, ಶೀಲಾ ಏಳು, ಕೂತೇ ಇದ್ದೀಯಲ್ಲ, ಬಸಣ್ಣನ ಹೆಬ್ಬೆರಳು ಇಳಿಯುತ್ತಿದೆ, ದೊಡ್ಡವ್ವ ತಾಟಿನ ಮುಂದೆ ಕೂತು ಇವಳಿಗೆಂದು ರೊಟ್ಟಿ ಎತ್ತಿದಳು, ಎರಡೂ ಕೈಯಲ್ಲಿ ಹಿಡಿದು ಮುರಿದಳು, ಕಟಕ್, ಮತ್ತು ಫೋನಿನೊಳಗಿಂದ ಅದೇ ಕೈಯ ಅದೇ ಕಟಕ್, ದೊಡ್ಡವ್ವನ ಕೈ ನಿಂತಿತು, ತಲೆ ಎತ್ತಲಿಲ್ಲ, ಎರಡು ತುಂಡು ರೊಟ್ಟಿ ಎರಡು ಕೈಯಲ್ಲಿ, ಹಾರ್ಮೋನಿಯಂ ಶುರುವಾಯಿತು, ಎರಡು ತುಂಡು ರೊಟ್ಟಿ ಎರಡು ಕೈಯಲ್ಲಿ.