ಎರಡನೆಯ ಚಿತ್ರದ ಹುಡುಗರು

ಸಪ್ತಾಪುರದ ಮುರಿಗೆವ್ವನ ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಕರುಣಾ ತಾನು ಬಿಡಿಸಿದ ಚಿತ್ರಗಳನ್ನು ಮುರಿಗೆವ್ವನ ಎದುರು ಮೇಜಿನ ಮೇಲೆ ಹರಡಿದಳು. ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಒಂದು ಮಾತು ಹೇಳುವುದು, ಚಿತ್ರ ತೋರಿಸುವುದು, ಖರೆಯೋ ಸುಳ್ಳೋ ಕೇಳುವುದು, ಅವಳ ಕೆಲಸವೇ ಅದು.

"ಪ್ರತಿಯೊಬ್ಬ ಹುಡುಗೀನೂ ಒಬ್ಬ ಹುಡುಗನ ದಾರಿ ನೋಡಾಕತ್ತಾಳ. ಖರೇ ಏನ್ರಿ, ಅವ್ವಾರ?"

ಮೊದಲ ಚಿತ್ರದಲ್ಲಿ ಮೂವರು ಹುಡುಗಿಯರು, ಬಸ್ಸಿನಿಂದ ಇಳಿಯುವ ಒಬ್ಬನೇ ಹುಡುಗ.

"ಖರೇ. ಮೂವರಿಗೂ ಅವನ ಬೇಕಂದ್ರ ಜಗಳ ಐತಿ ಮುಂದ!"

ಕರುಣಾ ನಕ್ಕು ಎರಡನೆಯದನ್ನು ಸರಿಸಿದಳು. ಮೂರು ಬಾಗಿಲು, ಬಾಗಿಲಿಗೊಬ್ಬ ಹುಡುಗಿ, ಒಬ್ಬೊಬ್ಬಳ ದಾರಿಯಲ್ಲಿ ಬೇರೆ ಬೇರೆ ಹುಡುಗ. 'ಒಬ್ಬ' ಅಂದರೆ ಎಲ್ಲರಿಗೂ ಸೇರಿ ಒಬ್ಬನೋ, ಒಬ್ಬೊಬ್ಬಳಿಗೆ ಒಬ್ಬೊಬ್ಬನೋ? ಒಂದೇ ಮಾತು ಎರಡಕ್ಕೂ ಒಗ್ಗುತ್ತದೆಯೇ ಎಂಬುದೇ ಅವಳ ಇಡೀ ಸಂಶೋಧನೆ.

ಮುರಿಗೆವ್ವ ಕನ್ನಡಕ ಏರಿಸಿದಳು. "ಇಲ್ಲೂ ಒಬ್ಬನ ಅದಾನಲ್ಲ?"

"ಅಲ್ರಿ, ಮೂವರು ಬ್ಯಾರೆ ಬ್ಯಾರೆ."

"ಎಲ್ಲಿ ಬ್ಯಾರೆ? ಅದ ಗುಂಗುರು ಕೂದಲಾ, ಎಡಗಡೆ ಹೆಗಲಿಗೆ ಅದ ಚೀಲಾ. ನಮ್ಮ ಗುರುಬಸವನ್ನ ಮೂರು ಸಲ ತಗದೀಯಲ್ಲ, ಹುಚ್ಚಿ!"

ಕರುಣಾ ಬಗ್ಗಿ ನೋಡಿದಳು. ಹೌದು. ವಿಭಾಗದಲ್ಲಿ ಅವಳ ಜೊತೆ ಓದುತ್ತಿದ್ದ, ಇದೇ ಮೇಜಿನಲ್ಲಿ ಎದುರು ಕೂತು ಉಣ್ಣುತ್ತಿದ್ದ ಗುರುಬಸವ ಹೋದ ವರ್ಷ ಅವಳಿಗೊಂದು ಮಾತೂ ಹೇಳದೆ ಹೈದರಾಬಾದಿಗೆ ಓದಲು ಹೋಗಿದ್ದ. ಮರೆತೆ ಎಂದುಕೊಂಡಿದ್ದಳು, ಕೈ ಮರೆತಿರಲಿಲ್ಲ.

"ಅವ್ವಾರ, ಕಡೀಗೆ ಉಣ್ಣಾಕ ಬಂದಾಗ ಅಂವ ನನಗಂತ ಏನರ ಹೇಳಿ ಹೋದನೇನ್ರಿ?"

ಮುರಿಗೆವ್ವ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಚಟ್ನಿ ಛಲೋ ಆಗೇತಿ ಅಂದಾ. ಇನ್ನೊಂದು ರೊಟ್ಟಿ ಹಾಕಿಸ್ಕೊಂಡಾ."

"ಮತ್ತ?"

"ಮತ್ತೇನ ಯವ್ವಾ, ಉಂಡ ಮ್ಯಾಲೂ ಸುಮ್ಮನ ಕುಂತಿದ್ದಾ, ನಿನ್ನ ಕುರ್ಚಿ ನೋಡಕೋತ. ಅವತ್ತ ನೀ ಬರಲೇ ಇಲ್ಲ."

ಕರುಣಾ ಎರಡನೆಯ ಚಿತ್ರವನ್ನು ತನ್ನತ್ತ ಎಳೆದುಕೊಂಡಳು. ರಬ್ಬರ್, ಪೆನ್ಸಿಲ್ ತೆಗೆದಳು. ಮೊದಲನೆಯವನಿಗೆ ಮೀಸೆ ಬಂತು. ಎರಡನೆಯವನ ಕೂದಲು ಹೋಗಿ ಟೊಪ್ಪಿಗೆ ಬಂತು. ಮೂರನೆಯವನ ಹತ್ತಿರ ಕೈ ನಿಂತಿತು.

"ಇರಲಿ ಬಿಡು, ಒಬ್ಬನರ ಗುರುಬಸವ ಇರಲಿ," ಎಂದಳು ಮುರಿಗೆವ್ವ. "ಈಗ ಕೇಳು ನಿನ್ನ ಮಾತು."

ಕರುಣಾ ಅದೇ ಮಾತನ್ನು ಮತ್ತೆ ಹೇಳಿದಳು. 'ದಾರಿ' ಎಂಬಲ್ಲಿಗೆ ಬರುವಷ್ಟರಲ್ಲಿ ದನಿ ಸಣ್ಣದಾಯಿತು.

"ಖರೇ," ಎಂದ ಮುರಿಗೆವ್ವ ಮೂರನೆಯ ಬಾಗಿಲಿನ ಹುಡುಗಿಯ ಮೇಲೆ ಬೆರಳಿಟ್ಟಳು. "ಈಕೀದಂತೂ ಭಾಳ ಖರೇ."