ಒಂದೇ ಬಾಯಿಯ ಎರಡು ಕೆನ್ನೆ

ಯಶಸ್ವಿನಿಯ ಪ್ರಬಂಧ ಅಚ್ಚಾಗಿ ಎರಡು ವರ್ಷ ಕಳೆದರೂ ಬೇರೆ ಸಂಶೋಧಕರು ಯಾರೊಬ್ಬರೂ ತಮ್ಮ ಬರಹದಲ್ಲಿ ಅದನ್ನು ಉಲ್ಲೇಖಿಸಿರಲಿಲ್ಲ. ಬಡ್ತಿಯ ಸಂದರ್ಶನದಲ್ಲಿ ಅವಳ ವೈದ್ಯಕೀಯ ಕಾಲೇಜಿನ ಡೀನ್ ಹರ್ಷವರ್ಧನ ಅವರು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿ ಆ ಸೊನ್ನೆಯನ್ನು ತೋರಿಸಿದರು. ಒರಟು ಮನುಷ್ಯರಲ್ಲ ಅವರು. ಎದೆಯ ಎಕ್ಸ್‌ರೇ ಮೇಲೆ ಕೆಲಸ ಮಾಡುವ ತಮ್ಮ ಗುಂಪಿಗೆ ಸೇರಿದರೆ ವರ್ಷಕ್ಕೆ ಐದಾರು ಪ್ರಬಂಧವಾಗುತ್ತದೆ, ಗುಂಪಿನವರು ಒಬ್ಬರನ್ನೊಬ್ಬರು ಉಲ್ಲೇಖಿಸುತ್ತಾರೆ, ಲೆಕ್ಕ ತಾನಾಗಿ ಏರುತ್ತದೆ ಎಂದು ತಿಳಿಹೇಳಿದರು. ಇನ್ನೊಂದು ವರ್ಷ ನೋಡೋಣ, ಆಮೇಲೂ ಹೀಗೇ ಇದ್ದರೆ ಬಡ್ತಿಯೂ ಇಲ್ಲ, ಅವಳ ಅಲ್ಟ್ರಾಸೌಂಡ್ ಯಂತ್ರವನ್ನೂ ಬೇರೆ ಪ್ರಯೋಗಾಲಯಕ್ಕೆ ಕೊಡಬೇಕಾಗುತ್ತದೆ ಎಂದರು. ಕಾಲೇಜಿನಲ್ಲಿ ಆ ಪ್ರಬಂಧಕ್ಕೆ ‘ಕೆನ್ನೆ ಪೇಪರ್’ ಎಂದು ಹೆಸರು ಬಿದ್ದಿತ್ತು.

ಕೆನ್ನೆಯದೇ ಕೆಲಸ ಅದು. ಎಲೆಯಡಿಕೆ ಹಾಕುವವರ ಕೆನ್ನೆಯ ಒಳಪದರ ವರ್ಷ ಕಳೆದಂತೆ ಗಟ್ಟಿಯಾಗಿ, ಕೆಲವರಿಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಷ್ಟಾಗುವ ಮೊದಲೇ ಅದನ್ನು ಅಲ್ಟ್ರಾಸೌಂಡ್ ಚಿತ್ರದಲ್ಲಿ ಗುರುತಿಸಬಹುದೇ ಎಂಬುದು ಅವಳ ಪ್ರಶ್ನೆ. ಹೋಲಿಸಿ ನೋಡಲು ಎಲೆಯಡಿಕೆ ಹಾಕದವರ ಕೆನ್ನೆಯೂ ಬೇಕಿತ್ತು. ಹೊಸನಗರ, ತೀರ್ಥಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಅರವತ್ತು ದಾಟಿದ ಅಂಥವರನ್ನು ಹುಡುಕಿ ಅವಳು ಸೋತಳು. ಸಿಕ್ಕ ಒಬ್ಬಿಬ್ಬರು ಹಲ್ಲು ಹೋದ ಮೇಲೆ ಬಿಟ್ಟವರು.

ಮಾಸ್ತಿಕಟ್ಟೆ ಹತ್ತಿರದ ಬಾಯಿ ತಪಾಸಣೆಯ ಶಿಬಿರದಲ್ಲಿ ದುಗ್ಗಮ್ಮ ಎಂಬ ಮುದುಕಿ ಎಲೆಯಡಿಕೆಯ ಕವಳ ಹಾಕಿಕೊಂಡು ಸರದಿಗೆ ಕಾಯುತ್ತಿದ್ದಳು. ಅವಳ ಬಲಗೆನ್ನೆ ಉಬ್ಬಿತ್ತು. ಪಕ್ಕದವಳದು ಎಡಗೆನ್ನೆ. ಹುಟ್ಟಿದಾಗಿನಿಂದ ಕಂಡದ್ದನ್ನೇ ಯಶಸ್ವಿನಿ ಆವತ್ತು ಕೆಲಸ ನಿಲ್ಲಿಸಿ ನೋಡಿದಳು. ಕವಳವನ್ನು ಇನ್ನೊಂದು ದವಡೆಗೆ ಹಾಕುವುದಿಲ್ಲವೇ ಎಂದು ಕೇಳಿದಳು.

“ಆ ಕಡೆ ಹಾಕಿದ್ರೆ ಯಾರ್ದೋ ಬಾಯಲ್ಲಿ ಜಗಿದಂಗಾಗುತ್ತೆ ಕಣೆ ಮಗಾ,” ಎಂದಳು ದುಗ್ಗಮ್ಮ. “ಹಾಕೋಕೆ ಕಲ್ತಾಗಿಂದ ಬಲಗಡೇನೆ.”

ಹೋಲಿಕೆಗೆ ಬೇಕಾದ ಕೆನ್ನೆ ಅದೇ ಬಾಯಿಯಲ್ಲಿತ್ತು. ಅದೇ ವಯಸ್ಸು, ಅದೇ ಊಟ, ಅದೇ ಮೈ. ಅಲ್ಲಿಂದಾಚೆಗೆ ಅವಳು ಪ್ರತಿಯೊಬ್ಬರ ಎರಡೂ ಕೆನ್ನೆಗಳ ಚಿತ್ರ ತೆಗೆದು, ಕವಳದ ಬದಿಯ ಪದರ ಇನ್ನೊಂದು ಬದಿಗಿಂತ ಎಷ್ಟು ದಪ್ಪ ಎಂದು ಅಳೆದಳು. ಅವಳ ಅಪ್ಪ ಹೂವಯ್ಯನೂ ಕೂತ. ಕೆನ್ನೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಳ್ಳುತ್ತ, ಎಮ್ಮೆ ಗಬ್ಬ ನೋಡುವ ಯಂತ್ರವನ್ನು ತನ್ನ ಮುಖಕ್ಕೆ ಹಿಡಿದಿದ್ದಾಳೆಂದು ಎಲ್ಲರನ್ನೂ ನಗಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

“ಅಡಿಕೆ ಮಾರಿ ಓದ್ಸಿದ್ದು ನಿನ್ನ. ಈಗ ಅಡಿಕೆ ಮೇಲೇ ದೂರು ಬರೀತೀಯೇನೆ?”

“ಬೆಳೆಯೋರ ಬಾಯಾದ್ರೂ ನೆಟ್ಟಗಿರ್ಲಿ ಅಂತ ಅಪ್ಪಯ್ಯ. ಅಲ್ಲಾಡ್ದೆ ಕೂತ್ಕೊ.”

ದೊಡ್ಡ ವೈದ್ಯಕೀಯ ಪತ್ರಿಕೆಯೊಂದು, ಎಲೆಯಡಿಕೆ ಹಾಕದವರ ಗುಂಪೇ ಇಲ್ಲವೆಂದು ಪ್ರಬಂಧವನ್ನು ಹಿಂದಿರುಗಿಸಿತು. ಅದು ಅಚ್ಚಾದದ್ದು ಯಾರೂ ಅಷ್ಟಾಗಿ ಓದದ ಒಂದು ಸಣ್ಣ ಪತ್ರಿಕೆಯಲ್ಲಿ.

ಸಂದರ್ಶನದ ನಂತರವೂ ಅವಳು ಎಕ್ಸ್‌ರೇ ಗುಂಪಿಗೆ ಸೇರಲಿಲ್ಲ. ಶನಿವಾರಗಳಂದು ಯಂತ್ರವನ್ನು ಜೀಪಿಗೆ ಹಾಕಿಕೊಂಡು ಶಿಬಿರಗಳಿಗೆ ಹೋಗುತ್ತಲೇ ಇದ್ದಳು. ಅಡಿಕೆಯ ಕೊನೆಕೊಯ್ಲು ಮುಗಿಯುವ ಹೊತ್ತಿಗೆ, ಅವಳ ಪ್ರಬಂಧವನ್ನು ಹಿಂದಿರುಗಿಸಿದ್ದ ಅದೇ ದೊಡ್ಡ ಪತ್ರಿಕೆಯಲ್ಲಿ ತೈವಾನಿನ ತಂಡವೊಂದರ ಪ್ರಬಂಧ ಬಂತು. ಅಲ್ಲೂ ಅಡಿಕೆ ಜಗಿಯುತ್ತಾರೆ, ಅಲ್ಲೂ ಹೋಲಿಕೆಗೆ ಜನ ಸಿಕ್ಕಿರಲಿಲ್ಲ. ಒಬ್ಬರದೇ ಎರಡು ಕೆನ್ನೆಗಳನ್ನು ಹೋಲಿಸುವ ಯಶಸ್ವಿನಿಯ ವಿಧಾನವನ್ನೇ ಅನುಸರಿಸಿದ್ದೇವೆ ಎಂದು ಅವರು ಅವಳ ಹೆಸರು ಹಿಡಿದು ಬರೆದಿದ್ದರು. ಅವರ ಹಿಂದೆ ಅಸ್ಸಾಮಿನವರು, ಶ್ರೀಲಂಕಾದ ದಂತವೈದ್ಯರು. ಮುಂದಿನ ಸಂದರ್ಶನದ ಹೊತ್ತಿಗೆ ಉಲ್ಲೇಖಗಳು ನಲವತ್ತು ದಾಟಿದ್ದವು.

ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು, ಇದರಲ್ಲಿ ತಾವೇ, ತಮ್ಮ ಗುಂಪಿನವರೇ ಮಾಡಿಕೊಂಡ ಉಲ್ಲೇಖ ಎಷ್ಟು, ಅದನ್ನು ಕಳೆದು ತೋರಿಸಿ ಎಂದರು. ಹರ್ಷವರ್ಧನರು ಗುಂಡಿ ಒತ್ತಿದರು. ಸಂಖ್ಯೆಯಲ್ಲಿ ಇಳಿದದ್ದು ಒಂದೇ ಒಂದು. ಎಕ್ಸ್‌ರೇ ಗುಂಪಿನದನ್ನೂ ಹಾಗೇ ನೋಡೋಣವೇ ಎಂದು ತಜ್ಞರು ಕೇಳಿದಾಗ ಹರ್ಷವರ್ಧನರು ನೀರು ಕುಡಿದರು. ಅದು ಬೇರೆ ದಿನದ ವಿಷಯ ಎಂದರು. ಬಡ್ತಿಗೆ ಎಲ್ಲರೂ ಸಹಿ ಹಾಕಿದರು. ಯಂತ್ರ ಅವಳಲ್ಲೇ ಉಳಿಯಿತು.

ಕಾರಿಡಾರಿನಲ್ಲಿ ಅವಳನ್ನು ಹರ್ಷವರ್ಧನರು ಹಿಂದಿನಿಂದ ಕರೆದರು. ಅಭಿನಂದನೆ ಹೇಳಿದ ಮೇಲೂ ಹೋಗಲಿಲ್ಲ.

“ನಮ್ ತಂದೆಯವ್ರು ಎಡಗಡೆ ಹಾಕ್ತಾರೆ ಮೇಡಂ,” ಎಂದರು. “ಈಚೆಗೆ ಬಾಯಿ ಪೂರ್ತಿ ತೆರೆಯೋಕಾಗ್ತಿಲ್ಲ.”

“ಈ ಶನಿವಾರ ಸಾಗರದ ಶಿಬಿರದಲ್ಲಿರ್ತೀನಿ ಸರ್,” ಎಂದಳು ಯಶಸ್ವಿನಿ. “ಬೆಳಿಗ್ಗೇನೇ ಕರ್ಕೊಂಡ್ ಬನ್ನಿ. ಮೊದ್ಲು ಅವ್ರನ್ನೇ ನೋಡ್ತೀನಿ.”