ಸಂಪಿಗೆಸರದ ಮೈಲಿಗಲ್ಲು

ಸಾಗರದಲ್ಲಿ ಮೂವತ್ತು ವರ್ಷದಿಂದ ಬೋರ್ಡು ಬರೆಯುತ್ತಿದ್ದೇನೆ. ಯಾರೇ ಬರಲಿ, ನಾನು ಮೊದಲು ಕೇಳುವುದು ಒಂದೇ: “ಎಲ್ಲಿ ಹಾಕ್ತೀರಿ?” ಜಾಗ ನೋಡದೆ ಕುಂಚ ಎತ್ತುವವನು ಪೇಂಟರೇ ಅಲ್ಲ.

ಫ್ಲೆಕ್ಸ್ ಬಂದು ನಮ್ಮ ಹೊಟ್ಟೆಗೆ ಹೊಡೆಯಿತು. ಹಾಗಾಗಿ ಹಳೆಯದನ್ನು ಉಳಿಸುವ ಸಮಿತಿಯವರು ಕರೆದಾಗ ಮರುಮಾತಿಲ್ಲದೆ ಹೋದೆ. ಕಾರ್ಗಲ್ ರಸ್ತೆ ಅಗಲ ಮಾಡುವಾಗ ಕಿತ್ತ ಮೈಲಿಗಲ್ಲೊಂದನ್ನು ತಂದು ಪೇಟೆಯ ಹಳೇ ಛತ್ರದ ಜಗಲಿಯಲ್ಲಿ ನಿಲ್ಲಿಸಿದ್ದರು. ‘ಸಂಪಿಗೆಸರ ೯ ಮೈಲಿ’ ಎಂದು ಕೆತ್ತಿತ್ತು. ಆ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿ ಅರವತ್ತು ವರ್ಷವಾಯಿತು. ಒಂದು ಗೆರೆಯೂ ಆಚೀಚೆ ಆಗದ ಹಾಗೆ ಅಕ್ಷರಗಳಿಗೆ ಕಪ್ಪು ತುಂಬಿದೆ.

ಉದ್ಘಾಟನೆಗೆ ಸಂಪಿಗೆಸರದಲ್ಲೇ ಹುಟ್ಟಿದ ಜಲಜಾಕ್ಷಮ್ಮನನ್ನು ಕರೆಸಿದ್ದರು. ಎಂಬತ್ತರ ಹತ್ತಿರದ ಹೆಂಗಸು. ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು.

“ಇದು ತಪ್ಪು. ಇಲ್ಲಿಂದ ಹದಿನಾಲ್ಕು ಮೈಲಿ. ನಡೆದವಳು ನಾನು.”

ನನಗೆ ಸಿಟ್ಟು ನೆತ್ತಿಗೇರಿತು. “ಕೆತ್ತಿದ್ದನ್ನೇ ಬರೆದಿದೀನಿ ಅಮ್ಮ,” ಎಂದೆ.

ಸಮಿತಿಯ ಅಧ್ಯಕ್ಷರು ನಕ್ಕರು. “ಊರೇ ಇಲ್ಲ ಈಗ. ಎಷ್ಟು ಮೈಲಿ ಆದ್ರೇನು ಬಿಡಿ.”

ಜಲಜಾಕ್ಷಮ್ಮ ನಗಲಿಲ್ಲ. “ಊರು ಮುಳುಗಿದೆ ಅಷ್ಟೆ, ಎಲ್ಲಿಗೂ ಹೋಗಿಲ್ಲ. ಇದ್ದಲ್ಲೇ ಇದೆ. ಜಾಗ ಬಿಟ್ಟು ಬಂದಿದ್ದು ಈ ಕಲ್ಲು.”

ನಾನು ಬೆರಳಿಗಂಟಿದ್ದ ಕಪ್ಪು ಬಣ್ಣವನ್ನೇ ನೋಡುತ್ತಾ ನಿಂತೆ.

ಮೂವತ್ತು ವರ್ಷ ಕಂಡಕಂಡವರನ್ನೆಲ್ಲ ಕೇಳಿದ ಮಾತು. ಈ ಕಲ್ಲಿಗೆ ಮಾತ್ರ ಕೇಳಿರಲಿಲ್ಲ.